ಮೊಮ್ಮಗಳ ಬಲಗೈ

ಆಗ ನನಗೆ ಎಪ್ಪತ್ತೊಂದು. ಈಗ್ಗೆ ಮೂರು ವರ್ಷದ ಹಿಂದಿನ ದೀಪಾವಳಿ.

ನಾವು ಉಡುಪಿ ಕಡೆಯವರು. ಗಂಡ ಇದ್ದಷ್ಟು ಕಾಲ ಡೊಂಬಿವಲಿಯ ಚಾಳಿನಲ್ಲಿದ್ದೆವು. ಈಗ ನಾನು ಖಾರಘರದಲ್ಲಿ, ಮಗನ ಫ್ಲಾಟಿನಲ್ಲಿ. ಮನೆ ಎಲ್ಲಿದ್ದರೂ ಹಬ್ಬದ ಬೆಳಿಗ್ಗೆ ಎಲ್ಲರಿಗೂ ಎಣ್ಣೆ ಹಚ್ಚುವ ಕೆಲಸ ನನ್ನದು. ಮಗನ ಬೆನ್ನಿಗೆ ತಿಕ್ಕುತ್ತೇನೆ, ಸೊಸೆಯ ನೆತ್ತಿಗೆ ತಟ್ಟುತ್ತೇನೆ, ಮೊಮ್ಮಗಳಿಗಂತೂ ತಲೆಯಿಂದ ಉಗುರಿನವರೆಗೆ. ಗೀಸರಿನ ನೀರಾದರೇನು, ಎಣ್ಣೆ ಎಣ್ಣೆಯೇ.

ಮೊಮ್ಮಗಳಿಗೆ ಆಗ ಹದಿಮೂರು. ಹಿಂದಿನ ವರ್ಷ ಅವಳ ಎರಡು ಕೈಯೂ ನುಗ್ಗೆಕಾಯಿಯ ಹಾಗಿದ್ದವು. ಈ ಸಲ ಎಡಗೈ ತಿಕ್ಕಿ ಬಲಗೈ ಹಿಡಿದರೆ ಅದು ನನ್ನ ಮುಷ್ಟಿಗೆ ಸಿಗಲಿಲ್ಲ. ಮೊಣಕೈಯ ಕೆಳಗೆ ಹಸಿ ಗೆಣಸಿನ ಹಾಗೆ ಗಟ್ಟಿ. ಪುನಃ ಎಡಗೈ ಹಿಡಿದು ನೋಡಿದೆ. ಅದು ಹುಡುಗಿಯ ಕೈ. ಬಲದ್ದು ಹೋಟೆಲಿನಲ್ಲಿ ಪರೋಟ ಹಿಟ್ಟು ನಾದುವವನ ಕೈ. ಹೊಟ್ಟೆಗೆ ಎಣ್ಣೆ ತಟ್ಟುವಾಗ ಇನ್ನೂ ವಿಚಿತ್ರ. ಅಲ್ಲಿ ಎಡಬದಿ ಬಿಗಿ, ಬಲಬದಿ ಮೆತ್ತಗೆ.

"ಎಂತ ಮಾಡಿಕೊಂಡಿದ್ದೀ ಇದು?" ಎಂದು ಕೇಳಿದೆ.

"ಕುಛ್ ನಹೀ ಅಜ್ಜಿ. ಟೆನಿಸ್ ಹೈ ನಾ," ಎಂದಳು. ಏನಿಲ್ಲ, ಟೆನಿಸ್ ಅಲ್ಲವಾ ಎಂದು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ. ನಮ್ಮ ಮನೆಯ ಮಾತು ಹಾಗೆಯೇ ನಡೆಯುತ್ತದೆ.

ಟೆನಿಸಿಗೆ ಸೇರಿ ಎರಡು ವರ್ಷವಾಗಿತ್ತು. ಆ ವರ್ಷ ದಿನಾ ಸಂಜೆ ಹೋಗಲು ಶುರು ಮಾಡಿದ್ದಳು. ಗುಡ್ಡದ ಬುಡದಲ್ಲಿ ಹಸಿರು ಬಣ್ಣ ಹೊಡೆದ ಅಂಗಳ, ಅಲ್ಲೊಬ್ಬ ಮರಾಠಿಯವನು ಕಲಿಸುವುದು. ಅವನ ಮಾತಿನ ಮೇಲೆ ಮನೆಗೆ ಒಂದು ದೊಡ್ಡ ಡಬ್ಬಿ ಪುಡಿಯೂ ಬಂದಿತ್ತು. ಹಾಲಿಗೆ ಹಾಕಿ ಕುಡಿಯುತ್ತಿದ್ದಳು. ನಾನು ಮೊದಲು ಆ ಡಬ್ಬಿಯ ಮೇಲೆಯೇ ಸಂಶಯಪಟ್ಟೆ. ಆದರೆ ಹೊಟ್ಟೆಗೆ ಹೋದ ಪುಡಿಗೆ ಎಡ ಬಲ ಗೊತ್ತಾಗುತ್ತದೆಯೇ? ಬೆಳೆಸುವುದಾದರೆ ಎರಡೂ ಕೈ ಬೆಳೆಸಬೇಕು. ಒಂದೇ ಕಡೆ ಉಬ್ಬಿದೆ ಎಂದರೆ ಅಲ್ಲಿಗೇ ಏನೋ ಹೋಗಿದೆ. ಸೂಜಿ.

ಸೂಜಿಯ ಕತೆ ನನಗೆ ಹೊಸತಲ್ಲ. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಖೋಲಿಯ ಹುಡುಗ ಜಿಮ್ಮಿಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಗೂಳಿಯ ಹಾಗಾದ. ಆಮೇಲೆ ಮೈಯೆಲ್ಲ ಗುಳ್ಳೆ ಎದ್ದು ಹಾಸಿಗೆ ಹಿಡಿದ. ಅವನ ತಾಯಿಯೂ ಮೊದಲು, ಮಗ ಬಾಳೆಹಣ್ಣು ತಿಂದು ದಪ್ಪವಾದ ಎಂದೇ ಹೇಳಿಕೊಂಡು ತಿರುಗಿದ್ದಳು.

ಇನ್ನೊಂದು ಸಂಗತಿಯೂ ಇತ್ತು. ಒಂದು ತಿಂಗಳಿಂದ ಈ ಹುಡುಗಿ ಎಲ್ಲದಕ್ಕೂ ಎಡಗೈ ಮುಂದೆ ಮಾಡುತ್ತಿದ್ದಳು. ಎಡಗೈಯಲ್ಲಿ ಸಾರು ಬಡಿಸುವುದು, ಎಡಗೈಯಲ್ಲಿ ಚೊಂಬು ಕೊಡುವುದು. ಪ್ರತಿ ಸಲವೂ ನಾನು ಆ ಕೈಯ ಮೇಲೆ ಒಂದು ಬಿಡುತ್ತಿದ್ದೆ. "ದರಿದ್ರದ ಅಭ್ಯಾಸ. ಎಡಗೈಯಲ್ಲಿ ಯಾರಾದರೂ ಬಡಿಸುವುದುಂಟಾ?" ಅವಳು ತುಟಿ ಕಚ್ಚಿ ಕೈ ಬದಲಿಸುತ್ತಿದ್ದಳು. ಎಣ್ಣೆ ಹಚ್ಚಿದ ದಿನ ಅದಕ್ಕೂ ಅರ್ಥ ಸಿಕ್ಕಿತು ಎಂದುಕೊಂಡೆ. ಸೂಜಿ ಚುಚ್ಚಿದ ಬಲಗೈ ನೋಯುತ್ತಿದೆ, ಅದಕ್ಕೇ ಎಡಗೈ.

ಊಟವಾದ ಮೇಲೆ ಮಗನಿಗೆ ಹೇಳಿದೆ. ಅವನು ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಾನೆ. ಹಬ್ಬದ ದಿನವಾದರೂ ಮನೆಯಲ್ಲಿರುತ್ತಾನೆ.

"ಆಡಿದರೆ ಕೈ ಬೆಳೀತದೆ ಅಮ್ಮ," ಎಂದ.

"ಆಡುವುದು ಬಲಗೈಯಲ್ಲಿ. ಎಡದ ಹೊಟ್ಟೆ ಯಾಕೆ ಗಟ್ಟಿಯಾಯಿತು, ಹೇಳು."

ಅವನು ಮಗಳನ್ನು ಕರೆದು ಎರಡು ಕೈಯನ್ನೂ ಮುಂದೆ ಚಾಚಿಸಿ ನೋಡಿದ. ಬಲದ್ದನ್ನು ಎರಡು ಸಲ ಒತ್ತಿ ನೋಡಿದ. ಸೊಸೆ ಮಾತ್ರ, "ಅತ್ತೆ, ನೀವು ಹಾಲಿನವನ ಮೇಲೂ ಸಂಶಯಪಡುತ್ತೀರಿ," ಎಂದಳು.

"ಅವನು ನೀರು ಹಾಕಿದ್ದು ಹೌದಲ್ಲ?" ಎಂದೆ.

ಮುಂದಿನ ಭಾನುವಾರ ಮೊಮ್ಮಗಳು ಥಾಣೆಯಲ್ಲಿ ಪಂದ್ಯ ಆಡುವುದಿತ್ತು. ಮೊದಲ ದೊಡ್ಡ ಪಂದ್ಯ. ಬಿಳಿ ಬೂಟನ್ನು ಆಗಲೇ ಎರಡು ಸಲ ತೊಳೆದಿಟ್ಟಿದ್ದಳು. ಮಗ ಅವಳ ಎದುರಿಗೇ ನನಗೆ ಹೇಳಿದ, "ನೀನೇ ಹೋಗಿ ನೋಡಿ ಬಾ ಅಮ್ಮ. ಸರಿಯಿಲ್ಲ ಅಂತ ನಿನಗೆ ಕಂಡರೆ ಥಾಣೆಯೂ ಇಲ್ಲ, ಟೆನಿಸೂ ಇಲ್ಲ."

ಹುಡುಗಿ ಅಳಲಿಲ್ಲ. ನನ್ನ ಮುಖ ನೋಡುವುದನ್ನು ಬಿಟ್ಟಳು, ಅಷ್ಟೆ.

ಹಬ್ಬ ಮುಗಿದು ಅಂಗಳ ತೆರೆದ ದಿನ ಅವಳ ಹಿಂದೆ ಹೋದೆ. ರಿಕ್ಷಾದಲ್ಲಿ ಅವಳು ಒಂದು ತುದಿ, ನಾನು ಒಂದು ತುದಿ, ನಡುವೆ ಬ್ಯಾಟಿನ ಚೀಲ. ಅಲ್ಲಿ ಬೆಂಚಿನ ಮೇಲೆ ಕುಳಿತು ಮೊದಲು ಮೇಷ್ಟ್ರ ಚೀಲವನ್ನೇ ನೋಡಿದೆ. ಬಾಟಲಿ, ಟವೆಲ್, ಚೆಂಡು. ಸೂಜಿ ಇಟ್ಟರೂ ಕಾಣುವ ಹಾಗೆ ಇಡುತ್ತಾರೆಯೇ?

ಅವನು ಹತ್ತಿರ ಬಂದು, "ನಮಸ್ಕಾರ ಆಜಿ," ಎಂದ. ಮರಾಠಿಯಲ್ಲಿ ಅಜ್ಜಿಗೆ ಆಜಿ. ಮೂವತ್ತೈದರ ಆಳು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಬರುವ ಹಿಂದಿಯಲ್ಲಿ ಕೇಳಿದೆ, "ಈ ಹುಡುಗಿಯ ಕೈಗೆ ಎಂತ ಸೂಜಿ ಚುಚ್ಚುತ್ತೀ?"

ಮೊಮ್ಮಗಳು ಬೂಟಿನ ದಾರ ಬಿಚ್ಚಿ ಪುನಃ ಕಟ್ಟತೊಡಗಿದಳು. ಅವನಿಗೆ ಸಿಟ್ಟು ಬರಲಿಲ್ಲ. ತನ್ನ ಎರಡು ಕೈಯನ್ನೂ ನನ್ನ ಮುಂದೆ ಚಾಚಿದ. ಅವನದೂ ಬಲಗೈ ದಪ್ಪ.

"ನಿನಗೂ ಚುಚ್ಚಿರಬಹುದು," ಎಂದೆ.

ಅವನು ನಕ್ಕು ದೂರದಲ್ಲಿ ಆಡುತ್ತಿದ್ದ ಒಬ್ಬ ಹುಡುಗಿಯನ್ನು ಕರೆದ. ಅವಳು ಎಡಗೈಯವಳು, ಅವಳ ಎಡಗೈ ದಪ್ಪ. ಹೌದು, ಸೂಜಿಯೂ ಆಡುವ ಕೈಗೇ ಚುಚ್ಚುತ್ತಾರೆ ಎಂದುಕೊಂಡೆ. ಬಾಯಿ ಬಿಟ್ಟೂ ಹೇಳಿದೆ. "ಹೊಟ್ಟೆಯ ಲೆಕ್ಕ ಹೇಳು. ಆಡುವುದು ಬಲ, ಗಟ್ಟಿಯಾದದ್ದು ಎಡ."

ಅವನು ಒಂದು ಬ್ಯಾಟನ್ನು ನನ್ನ ಕೈಗೆ ಕೊಟ್ಟ. "ಆಜಿ, ಎಡಗೈಯಲ್ಲಿ ಚೆಂಡು ಮೇಲಕ್ಕೆ ಎಸೆದ ಹಾಗೆ ಮಾಡಿ. ಸ್ವಲ್ಪ ಹಿಂದಕ್ಕೆ ಬಾಗಿ. ಈಗ ಬಲಗೈಯಿಂದ ಆ ಚೆಂಡನ್ನು ಹೊಡೆದ ಹಾಗೆ ಬೀಸಿ."

ಮಕ್ಕಳೆಲ್ಲ ಆಟ ನಿಲ್ಲಿಸಿ ನೋಡಿದರು. ನೋಡಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಎತ್ತಿ, ಬಾಗಿ ಬೀಸಿದೆ. ನೆರಿಗೆಯ ಮೇಲೆ, ಎಡದ ಹೊಟ್ಟೆ ಹಗ್ಗ ಎಳೆದ ಹಾಗೆ ಹಿಡಿದುಕೊಂಡಿತು. ಬಲದ್ದಕ್ಕೆ ಏನೂ ಆಗಲಿಲ್ಲ. ಅನುಮಾನ ಬಂದು ಪುನಃ ಬೀಸಿದೆ. ಪುನಃ ಅಲ್ಲೇ. ನನಗಂತೂ ಯಾರೂ ಸೂಜಿ ಚುಚ್ಚಿರಲಿಲ್ಲ.

"ಹೀಗೆ ಇವಳು ದಿನವೂ ಮಾಡುತ್ತಾಳೆ," ಎಂದ. "ಹೊಡೆಯುವುದು ಬಲಗೈ, ಮೈಯನ್ನು ಎಳೆದು ತರುವುದು ಎಡದ ಹೊಟ್ಟೆ. ಯಾವುದು ದುಡಿಯುತ್ತದೋ ಅದು ಬೆಳೆಯುತ್ತದೆ."

ಬ್ಯಾಟು ವಾಪಸು ಕೊಟ್ಟೆ. ಅವನು ಅಲ್ಲಿಗೇ ಬಿಡಲಿಲ್ಲ. "ನೀವು ಬಂದದ್ದು ಒಳ್ಳೆಯದಾಯಿತು. ನನ್ನದೂ ಒಂದು ದೂರು ಉಂಟು. ಒಂದೇ ಕಡೆ ಬೆಳೆದರೆ ಮುಂದೆ ಭುಜಕ್ಕೂ ಬೆನ್ನಿಗೂ ಪೆಟ್ಟು. ಇಲ್ಲಿ ನಾನು ಎಡಗೈಗೆ ತೂಕ ಎತ್ತಿಸುತ್ತೇನೆ. ಮನೆಯಲ್ಲಿಯೂ ಕೆಲಸಕ್ಕೆ ಎಡಗೈ ಬಳಸು ಅಂತ ಒಂದು ತಿಂಗಳಿಂದ ಹೇಳುತ್ತಿದ್ದೇನೆ. ಮನೆಯಲ್ಲಿ ಎಡಗೈ ಮುಂದೆ ಮಾಡಿದರೆ ಏಟು ಬೀಳುತ್ತದೆ ಅನ್ನುತ್ತಾಳೆ."

ಏಟು ಯಾರದು ಎಂದು ಅವನು ಕೇಳಲಿಲ್ಲ. ಮೊಮ್ಮಗಳ ಬೂಟಿನ ದಾರ ಇನ್ನೂ ಕಟ್ಟಿ ಮುಗಿದಿರಲಿಲ್ಲ.

ವಾಪಸು ಬರುವಾಗ ರಿಕ್ಷಾದಲ್ಲಿ ಕೇಳಿದೆ, "ಮೇಷ್ಟ್ರು ಹೇಳಿದ್ದು ಅಂತ ನನಗೆ ಯಾಕೆ ಹೇಳಲಿಲ್ಲ?"

"ಬೋಲ್ತೀ ತೋ ಆಪ್ ಸರ್ ಕೋ ಭೀ ಮಾರ್ತೀ," ಎಂದಳು. ಹೇಳಿದ್ದರೆ ನೀವು ಮೇಷ್ಟ್ರನ್ನೂ ಹೊಡೆಯುತ್ತಿದ್ದಿರಿ ಎಂದು.

"ಊಟ ಮಾಡುವುದು ಬಲಗೈ. ಬಡಿಸುವುದು ಬಲಗೈ. ದೇವರ ಕೋಣೆಯಲ್ಲಿ ಬಲಗೈ. ಬಾಕಿ ಎಲ್ಲ ನಿನ್ನ ಮೇಷ್ಟ್ರು ಹೇಳಿದ ಹಾಗೆ," ಎಂದೆ.

"ಔರ್ ಥಾಣೆ?"

"ಮನೆಗೆ ನಡಿ ಮೊದಲು."

ರಾತ್ರಿ ಊಟಕ್ಕೆ ಕುಳಿತಾಗ ಮಗ ನನ್ನ ಮುಖ ನೋಡಿದ. "ಏನಮ್ಮ?"

"ಸೂಜಿ ಇಲ್ಲ. ಥಾಣೆಗೆ ಹೋಗಲಿ," ಎಂದೆ. "ಆ ಡಬ್ಬಿಯ ಪುಡಿ ಮಾತ್ರ ನನಗೆ ಇನ್ನೂ ಸರಿ ಕಾಣುವುದಿಲ್ಲ."

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಹುಡುಗಿ ಎದ್ದು ಬಂದು ನನ್ನ ತಟ್ಟೆಗೆ ಸಾರು ಬಡಿಸಿದಳು, ಬಲಗೈಯಲ್ಲಿ. ನನ್ನ ಎಡದ ಹೊಟ್ಟೆ ಆ ರಾತ್ರಿಯಿಡೀ ನೋಯಿತು. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಚಟ್ನಿಗೆ ಕಾಯಿ ಒಡೆದು, ಕಾಯಿ ತುರಿಯುವ ಹೆರೆಮಣೆ ನೆಲಕ್ಕಿಟ್ಟು ಅವಳನ್ನು ಕೂರಿಸಿದೆ. ಒಡೆದ ಕಾಯಿಯ ಕಡಿ ಕೊಡಲು ಹೋದರೆ ಅಭ್ಯಾಸಬಲದಿಂದ ಬಲಗೈ ಚಾಚಿದಳು. ನಾನು ಕೊಡಲಿಲ್ಲ. "ಆ ಕೈ ಅಲ್ಲ," ಎಂದೆ. ಒಂದು ಕ್ಷಣ ನನ್ನ ಮುಖ ನೋಡಿ ಎಡಗೈ ಚಾಚಿದಳು. ಕಡಿಯನ್ನು ಆ ಅಂಗೈಯಲ್ಲಿಟ್ಟೆ.