ಗೆರೆಯೊಳಗೆ ಏಳು ಜನ

ಫುಟ್‌ಬಾಲ್ ಹನ್ನೊಂದು ಜನರ ಆಟ ಎಂದು ಎಲ್ಲರಿಗೂ ಗೊತ್ತು. ಏಳು ಜನರಿದ್ದರೂ ಆಡಬಹುದು ಎನ್ನುವುದು ನಮ್ಮಂಥ ಕ್ಲಬ್ಬಿನವರಿಗೆ ಮಾತ್ರ ಗೊತ್ತಿರುವ ವಿಷಯ. ಏಳಕ್ಕಿಂತ ಕಡಿಮೆಯಾದರೆ ಪಂದ್ಯ ಶುರುವಾಗುವುದಿಲ್ಲ. ಆಟದ ನಡುವೆ ಏಳು ಹೋಗಿ ಆರಾದರೆ ರೆಫರಿ ಸೀಟಿ ಊದಿ ಅಲ್ಲಿಗೇ ನಿಲ್ಲಿಸಿ, ಎದುರಿನವರು ಗೆದ್ದರು ಎಂದು ಬರೆದುಕೊಳ್ಳುತ್ತಾನೆ. ಒಂದೇ ಸೀಸನ್ನಿನಲ್ಲಿ ಮೂರು ಸಲ ಹೀಗಾದರೆ ನಮ್ಮ ಲೀಗಿನವರು ಕ್ಲಬ್ಬಿನ ಹೆಸರನ್ನೇ ತೆಗೆದುಹಾಕುತ್ತಾರೆ. ಆ ವರ್ಷ ನಮಗೆ ಆಗಲೇ ಎರಡು ಸಲ ಹಾಗಾಗಿತ್ತು.

ನಾನು ತುಮಕೂರಿನಲ್ಲಿ ಬೈಕಿನ ಸೀಟು ಹೊಲಿಯುವವನು. ಅಂಗಡಿಯಲ್ಲಿ ರೆಕ್ಸಿನ್ ಸುರುಳಿಗಳ ಹಿಂದೆ ಒಂದು ಗೋಣಿಚೀಲವಿದೆ. ಕ್ಲಬ್ಬಿನ ಆಸ್ತಿ ಎಂದರೆ ಅಷ್ಟೇ: ನಾನೇ ತೇಪೆ ಹಾಕಿದ ಮೂರು ಚೆಂಡು, ಬಣ್ಣ ಮಾಸಿದ ಹಸಿರು ಜರ್ಸಿಗಳು, ಗಾಳಿ ಹೊಡೆಯುವ ಪಂಪು. ಹದಿನೆಂಟನೇ ವಯಸ್ಸಿಗೆ ಆಡಲು ಸೇರಿದವನು ಐವತ್ತು ದಾಟಿದರೂ ಬಿಟ್ಟಿಲ್ಲ. ನಾವು ಕೊನೆಯ ಸಲ ಗೆದ್ದದ್ದು ಯಾವಾಗ ಎಂದು ಕೇಳಿದರೆ ನನ್ನ ಹೆಂಡತಿ, "ಚಿಕ್ಕವಳು ಹೊಟ್ಟೇಲಿದ್ಲು" ಎನ್ನುತ್ತಾಳೆ. ಚಿಕ್ಕವಳು ಈಗ ಕಾಲೇಜಿಗೆ ಹೋಗುತ್ತಾಳೆ. ಇದು ಸ್ವಲ್ಪ ಹೆಚ್ಚಿಸಿ ಹೇಳಿದ ಮಾತು, ಆದರೆ ತೀರಾ ಸುಳ್ಳೂ ಅಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಭಾನುವಾರ ನಡೆದದ್ದಕ್ಕೆಲ್ಲ ಅದೇ ಮೂಲ. ಗೆರೆಯ ಹೊರಗೆ ನಿಂತರೆ ನನ್ನ ಬಾಯಿಗೆ ಬೀಗವಿಲ್ಲ. ಪಾಸು ತಪ್ಪಿದವನಿಗೆ ಬೈಯುತ್ತಿದ್ದೆ, ಗೋಲು ತಪ್ಪಿಸಿಕೊಂಡವನ ಅಪ್ಪನನ್ನೂ ಎಳೆದು ತರುತ್ತಿದ್ದೆ. ಹುಡುಗರು ಒಬ್ಬೊಬ್ಬರಾಗಿ ಬೇರೆ ಕ್ಲಬ್ಬಿಗೆ ಹೋದಾಗ, "ಒಳ್ಳೆ ಶೂ ಕೊಡಿಸ್ತಾರೆ ಅಂತ ಹೋದರು, ನಿಯತ್ತಿಲ್ಲದ ನನ್ಮಕ್ಕಳು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾನೊಬ್ಬನೇ ನಿಯತ್ತಿನವನು ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ನಮ್ಮ ಗೋಲ್‌ಕೀಪರಿಗೆ ಕುಣಿಗಲ್ಲಿನಲ್ಲಿ ಹೆಣ್ಣು ಗೊತ್ತಾಯಿತು. ನಿಖಾ ಭಾನುವಾರ ಬೆಳಿಗ್ಗೆ. ಅದೇ ಭಾನುವಾರ ಗುಬ್ಬಿಯಲ್ಲಿ ನಮ್ಮ ಪಂದ್ಯ. ಬೇರೆ ಕ್ಲಬ್ಬಿನವರಾಗಿದ್ದರೆ ದಿನ ಬದಲಾಯಿಸಿ ಎಂದು ಕೇಳುತ್ತಿದ್ದರು. ಆದರೆ ಹಿಂದಿನ ಮೀಟಿಂಗಿನಲ್ಲಿ ನಾನು ಲೀಗಿನವರ ಮೇಲೆ ಕುರ್ಚಿ ತಳ್ಳಿ ಎದ್ದುಬಂದಿದ್ದೆ. ಯಾವ ಮುಖ ಇಟ್ಟುಕೊಂಡು ಕೇಳುವುದು? "ಸಾಯಂಕಾಲ ನಾಲ್ಕಕ್ಕೆ ಇಡಿ, ಸಾಕು" ಎಂದು ಮಾತ್ರ ಫೋನಿನಲ್ಲಿ ಹೇಳಿದೆ. ನಿಖಾ ಹನ್ನೆರಡಕ್ಕೆ ಮುಗಿಯುತ್ತದೆ, ಕುಣಿಗಲ್ಲಿನಿಂದ ಗುಬ್ಬಿಗೆ ಒಂದೂವರೆ ಗಂಟೆ. ಲೆಕ್ಕ ಸರಿಯಾಗಿತ್ತು. ಊಟದ್ದೊಂದನ್ನು ಮರೆತಿದ್ದೆ.

ಎಂಟು ಜನ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋದೆವು. ಒಬ್ಬ ಮದುಮಗ, ಉಳಿದವರು ಏಳು. ಆ ಏಳರಲ್ಲಿ ನಾನೂ ಒಬ್ಬ. ನಮ್ಮ ಕ್ಲಬ್ಬಿನಲ್ಲಿ ಪ್ರತಿ ವರ್ಷ ಆಟಗಾರರ ಪಟ್ಟಿ ಬರೆಯುವಾಗ ಮೊದಲ ಹೆಸರು ಹಿರಿಯನದು, ಅವನು ಆಡಲಿ ಬಿಡಲಿ. ಮರ್ಯಾದೆಗೆಂದು ಮಾಡಿಸಿದ ನನ್ನ ಆಟಗಾರನ ಕಾರ್ಡು ಈ ಸಲ ಕೆಲಸಕ್ಕೆ ಬರುತ್ತಿತ್ತು. ಕೀಪರ್ ಮದುಮಗನಾಗಿ ಕೂತಿದ್ದರಿಂದ ಗೋಲಿನಲ್ಲಿ ನಾನೇ ನಿಲ್ಲಬೇಕಿತ್ತು.

ನಿಖಾ ಹೊತ್ತಿಗೆ ಸರಿಯಾಗಿ ಮುಗಿಯಿತು. ನಮ್ಮಲ್ಲಿ ನಾಲ್ವರು ಬಿರಿಯಾನಿಯ ಪಂಕ್ತಿಯಲ್ಲಿ ಕೂತು, ಉಂಡು, ಒಂದೂವರೆಗೆಲ್ಲ ಕೈ ತೊಳೆದು ಬಂದರು. ಉಳಿದ ಮೂವರು ಮಾಂಸ ತಿನ್ನದವರು: ನಾನು, ನಮ್ಮ ಕ್ಯಾಪ್ಟನ್, ಮತ್ತು ಕ್ಯಾತ್ಸಂದ್ರದ ಹೋಟೆಲೊಂದರಲ್ಲಿ ಇಡ್ಲಿ ಹಾಕುವ ನಮ್ಮ ಬ್ಯಾಕು, ಅಂದರೆ ಗೋಲಿನ ಮುಂದೆ ನಿಂತು ತಡೆಯುವವನು. ನಾವೆಲ್ಲ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದೆವು. ಮೂವತ್ತು ದಾಟಿದ್ದ. ಹನ್ನೆರಡು ವರ್ಷದಿಂದ ಒಂದೂ ಪಂದ್ಯ ತಪ್ಪಿಸಿದವನಲ್ಲ, ಒಂದು ಮಾತು ತಿರುಗಿ ಆಡಿದವನೂ ಅಲ್ಲ.

ನಮ್ಮಂಥವರಿಗಾಗಿ ಹೆಣ್ಣಿನ ತಂದೆ ಸಾಹೇಬರು ಮಂಟಪದ ಹಿಂದೆ ಬೇರೆ ಶಾಮಿಯಾನ ಹಾಕಿಸಿ, ತುಮಕೂರಿನಿಂದ ಅಡುಗೆಭಟ್ಟರನ್ನು ಕರೆಸಿದ್ದರು. ಬೇರೆ ಒಲೆ, ಬೇರೆ ಪಾತ್ರೆ, ಬಾಳೆ ಎಲೆ. ಆದರೆ ಭಟ್ಟರ ವ್ಯಾನು ಕೆಟ್ಟು ಅವರು ಬರುವಾಗಲೇ ಹನ್ನೆರಡಾಗಿತ್ತಂತೆ. ಒಂದೂವರೆಯಾದರೂ ಇನ್ನೂ ಅನ್ನ ಬೇಯುತ್ತಿತ್ತು. ನಾನು ಸಾಹೇಬರ ಬಳಿ ಹೋಗಿ, ಹೊರಡುತ್ತೇವೆ, ಪಂದ್ಯವಿದೆ ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಸ್ವಾಮಿ, ನಿಮಗೋಸ್ಕರ ಅಂತಲೇ ಮಾಡ್ಸಿರೋದು. ತಿನ್ನೋರು ತಿಂದು, ನೀವು ಮೂರ್ ಜನ ಹಸ್ಕೊಂಡು ಎದ್ದೋದ್ರೆ ನಾಳೆ ಜನ ಏನಂತಾರೆ? ನನ್ ಮಗಳ ಮದ್ವೇಲಿ ಹಂಗ್ ಮಾಡ್ಬೇಡಿ. ಹತ್ತೇ ನಿಮಿಷ."

ನಗುನಗುತ್ತ ತಲೆಯಾಡಿಸಿದೆ. ಹತ್ತು ನಿಮಿಷ ನಲವತ್ತಾಯಿತು. ಎಲೆ ಹಾಕುವಾಗ ಎರಡು ಗಂಟೆ ಹತ್ತು ನಿಮಿಷ. ಸಾಹೇಬರೇ ಮುಂದೆ ನಿಂತು ಬಡಿಸಿದರು. ಮಾಸ್ಟರ್ ಎಲೆಗೆ ಒಂದಾದ ಮೇಲೊಂದು ಒಬ್ಬಟ್ಟು ಬಿತ್ತು. ಅವನು ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬಿಡಲಿಲ್ಲ. "ದಿನಾ ಬೇರೇರಿಗೆ ಹಾಕೋರು ನೀವು, ಇವತ್ತೊಂದಿನ ತಿನ್ರಿ" ಎಂದು ತುಪ್ಪ ಸುರಿದರು. ಎಲೆಯಲ್ಲಿ ಬಿಟ್ಟರೆ ಅವಮಾನವಾದೀತೆಂದು ಮಾಸ್ಟರ್ ಅಷ್ಟನ್ನೂ ತಿಂದ. ನಾನು ಒಮ್ಮೆ ಅವನ ಎಲೆ, ಒಮ್ಮೆ ಗಡಿಯಾರ ನೋಡುತ್ತಿದ್ದೆ. ಸಾಹೇಬರ ಮೇಲೆ ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ, ಅಷ್ಟು ಒಳ್ಳೆಯ ಮನುಷ್ಯ. ಆ ಕೋಪ ಎಲ್ಲಿಯಾದರೂ ಇಳಿಯಲೇಬೇಕಿತ್ತು.

ಹೊರಟಾಗ ಎರಡೂ ನಲವತ್ತು. ಡ್ರೈವರು ಕಡಬದ ಮೇಲೆ ಹೋದರೆ ಹತ್ತಿರ ಎಂದ. ಕಡಬದ ಹತ್ತಿರ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ರಸ್ತೆಯ ಮಧ್ಯದಲ್ಲೇ ತೆವಳುತ್ತಿತ್ತು, ದಾಟಲು ಜಾಗವಿರಲಿಲ್ಲ. ಹಾರ್ನ್ ಹೊಡೆದರೆ ಅವನು ತಿರುಗಿ ನೋಡಿ ಕೈ ಬೀಸಿದ, ಅಷ್ಟೇ. ವಾಹನದಲ್ಲೇ ಜರ್ಸಿ ಹಾಕಿಕೊಂಡೆವು. ಪಂದ್ಯದ ಹೊತ್ತು ಮೀರಿ ಹದಿನೈದು ನಿಮಿಷ ಕಾಯುತ್ತಾರೆ, ಆಮೇಲೆ ಇಲ್ಲ. ಗುಬ್ಬಿ ಮೈದಾನಕ್ಕೆ ಬಂದು ನಿಂತಾಗ ನಾಲ್ಕು ಗಂಟೆ ಹನ್ನೊಂದು ನಿಮಿಷ. ರೆಫರಿ ಆಗಲೇ ಕಾಗದ ಮಡಚುತ್ತಿದ್ದರು. ನಮ್ಮನ್ನು ಒಬ್ಬೊಬ್ಬರಾಗಿ ಎಣಿಸಿದರು, ನನ್ನ ಕಾರ್ಡಿನ ಫೋಟೊವನ್ನೂ ನನ್ನ ಮುಖವನ್ನೂ ಎರಡು ಸಲ ನೋಡಿದರು.

"ಆಡ್ತೀರಾ ಯಜಮಾನ್ರೇ?"

"ಆಡ್ತೀನಿ."

ಆ ದಿನ ನಾವು ಗೆಲ್ಲಬೇಕಿರಲಿಲ್ಲ. ತೊಂಬತ್ತು ನಿಮಿಷ ಏಳು ಜನ ಗೆರೆಯೊಳಗೆ ಇದ್ದರೆ ಸಾಕಿತ್ತು. ಹತ್ತು ಗೋಲು ಬಿದ್ದರೂ ಕ್ಲಬ್ಬು ಉಳಿಯುತ್ತಿತ್ತು. ಮೊದಲ ಅರ್ಧದಲ್ಲಿ ನಾಲ್ಕು ಬಿದ್ದವು. ಎರಡು ನನ್ನ ಕಾಲ ಸಂದಿಯಲ್ಲೇ ಹೋದವು. ಗುಬ್ಬಿಯ ಹುಡುಗರು ನಗುತ್ತಿದ್ದರು, ನಗಲಿ. ನಮ್ಮವರಿಗೆ ಒಂದೇ ಮಾತು ಹೇಳಿದ್ದೆ: ಯಾರಿಗೂ ಅಡ್ಡಗಾಲು ಕೊಡಬೇಡಿ, ಯಾರೂ ಬೀಳಬೇಡಿ, ರೆಫರಿಯ ಹತ್ತಿರ ತುಟಿ ಪಿಟಕ್ಕೆನ್ನಬೇಡಿ.

ಎರಡನೇ ಅರ್ಧದ ನಡುವಿನಲ್ಲಿ ಮಾಸ್ಟರ್ ಓಡುವುದು ನಿಲ್ಲಿಸಿದ. ನನ್ನ ಮುಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಮೊಣಕಾಲ ಮೇಲೆ ಕೈಯೂರಿ ಬಗ್ಗಿದ, ವಾಂತಿ ಮಾಡಿಕೊಂಡ. ಬೆಳಗಿನ ಜಾವ ಮೂರಕ್ಕೆ ಎದ್ದು ಇಡ್ಲಿ ಹಾಕಿ ಬಂದಿದ್ದವನು, ಆ ಬಿಸಿಲು, ಆ ಒಬ್ಬಟ್ಟು. ಮುಖ ಬಿಳುಚಿಕೊಂಡಿತ್ತು. ರೆಫರಿ ಆಟ ನಿಲ್ಲಿಸಿ ಬಂದು, ಹೊರಗೆ ಹೋಗ್ತೀಯಾ ಎಂದು ಕೇಳಿದರು. ಅವನು ನನ್ನ ಕಡೆ ತಿರುಗಿದ.

"ಆಗ್ತಿಲ್ಲ ಕಣಣ್ಣ. ಕಣ್ ಕತ್ಲೆ ಬತ್ತಾ ಐತೆ."

ಕ್ಯಾಪ್ಟನ್ ಓಡಿ ಬಂದು ಅವನ ಭುಜ ಹಿಡಿದುಕೊಂಡ. "ಹೋಗ್ಲಿ ಬುಡಣ್ಣ. ಕ್ಲಬ್ ಹೋದ್ರೆ ಹೋಯ್ತು, ಇವ್ನಿಗೇನಾದ್ರೂ ಆದ್ರೆ?"

ಮಧ್ಯಾಹ್ನದಿಂದ ಅದುಮಿಟ್ಟಿದ್ದದ್ದೆಲ್ಲ ಆಗ ಹೊರಗೆ ಬಂತು. "ಪುಕ್ಕಟೆ ಸಿಕ್ತು ಅಂತ ಗಂಟಲು ಮಟ್ಟ ತಿಂದ್ಯಲ್ಲೋ, ಆವಾಗ ಆಗ್ತಿತ್ತಾ? ಹುಟ್ಟಿದಾಗಿಂದ ಊಟ ಕಾಣದವನ ಹಂಗೆ! ನಿಂತ್ಕೊ. ಗೆರೆ ದಾಟಿದ್ರೆ ನಿನ್ ಮುಖ ನೋಡಲ್ಲ."

ಮೈದಾನದಲ್ಲಿ ಎಲ್ಲರಿಗೂ ಕೇಳಿಸಿತು. ಗುಬ್ಬಿಯ ಹುಡುಗರ ನಗು ನಿಂತುಹೋಯಿತು. ಮಾಸ್ಟರ್ ಬಾಯಿ ಒರೆಸಿಕೊಂಡು ರೆಫರಿಗೆ, "ಇರ್ತೀನಿ ಸಾರ್" ಎಂದ. ಹೋಗಿ ಗೋಲಿನ ಕಂಬಕ್ಕೆ ಒರಗಿ ನಿಂತ, ನನ್ನಿಂದ ನಾಲ್ಕು ಹೆಜ್ಜೆ ದೂರ. ಉಳಿದ ಅಷ್ಟೂ ಹೊತ್ತು ಅಲ್ಲೇ ಇದ್ದ. ಅವನ ಉಸಿರು ನನಗೆ ಕೇಳಿಸುತ್ತಿತ್ತು. ಇವನು ಕುಸಿಯದಿರಲಿ ದೇವರೇ ಎಂದು ನಾನು ಬೇಡಿಕೊಂಡದ್ದು ಅವನಿಗಾಗಿ ಅಲ್ಲ, ಕ್ಲಬ್ಬಿಗಾಗಿ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ. ಕೊನೆಯ ಹತ್ತು ನಿಮಿಷ ಗುಬ್ಬಿಯವರು ನಮ್ಮ ಗೋಲಿನ ಕಡೆ ಚೆಂಡನ್ನೇ ತರಲಿಲ್ಲ. ತಮ್ಮತಮ್ಮಲ್ಲೇ ತಳ್ಳಾಡಿಕೊಂಡು ಹೊತ್ತು ಕಳೆದರು.

ಕೊನೆಯ ಸೀಟಿಯಾಯಿತು. ಏಳು ಸೊನ್ನೆ. ಗೆರೆಯೊಳಗೆ ಏಳು ಜನ ಇದ್ದೆವು. ನಾನು ಎರಡೂ ಕೈ ಎತ್ತಿ ಕೂಗಿದೆ. ಯಾರೂ ಜೊತೆಗೆ ಕೂಗಲಿಲ್ಲ.

ಮಾಸ್ಟರ್ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು, ಜರ್ಸಿ ಬಿಚ್ಚಿ, ಮಡಚಿ ನನ್ನ ಕೈಗೆ ಕೊಟ್ಟ. "ಕ್ಲಬ್ ಉಳೀತಲ್ಲಣ್ಣ. ನನ್ನ ಬುಟ್ಬುಡಿ" ಎಂದ. ಟ್ರಾವೆಲರ್ ಹತ್ತಲಿಲ್ಲ. ರೈಲಿಗೆ ಹೋಗುತ್ತೇನೆಂದು ಸ್ಟೇಷನ್ನಿನ ಕಡೆ ನಡೆದುಬಿಟ್ಟ.

ಮೂರು ದಿನ ಅವನನ್ನೂ ಬೈದುಕೊಂಡೆ. ನಾಲ್ಕನೇ ದಿನ ಅಂಗಡಿಗೆ ಬೀಗ ಹಾಕಿ ಕ್ಯಾತ್ಸಂದ್ರಕ್ಕೆ ಹೋದೆ. ಮುಂದಿನ ಭಾನುವಾರ ಮತ್ತೆ ಏಳು ಜನ ಬೇಕಿತ್ತು, ಆ ಲೆಕ್ಕದಲ್ಲೇ ಹೋದದ್ದು. ಹನ್ನೊಂದು ಗಂಟೆ, ಗಿರಾಕಿಗಳು ಕಡಿಮೆ ಇರುವ ಹೊತ್ತು. ಅವನು ಹೊರಗೆ ಬಂದವನೇ ನನ್ನನ್ನು ನೋಡಿ, ಒಳಗೆ ಹೋಗಿ ಒಂದು ತಟ್ಟೆ ಇಡ್ಲಿ ತಂದಿಟ್ಟ. "ತಿನ್ನಿ" ಎಂದ. ಅವನಿಗೆ ಊಟದ ವಿಷಯದಲ್ಲಿ ಏನು ಅಂದಿದ್ದೆ ಎಂಬುದು ನೆನಪಾಗಿ, ಮುರಿದ ತುಂಡನ್ನು ತಟ್ಟೆಯಲ್ಲೇ ಇಟ್ಟೆ.

"ತಪ್ಪಾಯ್ತು ಕಣೋ" ಎಂದೆ. ಆ ಮಾತನ್ನು ಮೈದಾನಕ್ಕೆ ಸಂಬಂಧಪಟ್ಟ ಯಾರಿಗೂ ಅದುವರೆಗೆ ಹೇಳಿದವನಲ್ಲ.

ಅವನು ಪಕ್ಕದ ಮೇಜು ಒರೆಸಿದ. "ಹುಡುಗ್ರು ಹೋಗಿದ್ದು ಶೂಗಲ್ಲಣ್ಣ" ಎಂದ.

"ಮತ್ತೆ?"

"ನಿಮ್ಗೇ ಗೊತ್ತು ಬುಡಿ. ಸೋತಿದ್ಕೆ ಯಾರ್ಗೂ ಬೇಜಾರಿಲ್ಲ. ಶನಿವಾರ ಬಂತು ಅಂದ್ರೆ ನಾಳೆ ಏನ್ ಅನ್ನಿಸ್ಕೋಬೇಕೋ ಅಂತ ಯೋಚ್ನೆ ಹತ್ಕೊಳ್ಳೋದು. ನನ್ಗೂ ಅಷ್ಟೇ. ಹನ್ನೆರಡ್ ವರ್ಷ."

ನನಗೆ ಗೊತ್ತಿತ್ತು. ಗೊತ್ತಿದ್ದೂ ಶೂ ಎಂದು ಹೇಳಿಕೊಂಡು ತಿರುಗಿದ್ದೆ. ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು, ಪ್ರತಿಯೊಬ್ಬರಿಗೂ ಕೊನೆಯದಾಗಿ ನಾನು ಏನು ಅಂದಿದ್ದೆ ಎನ್ನುವುದೂ. ಮೂವತ್ತು ವರ್ಷ ಆ ಕ್ಲಬ್ಬನ್ನು ಹಿಡಿದುಕೊಂಡು ನಿಂತಿದ್ದೇನೆ ಎಂದುಕೊಂಡಿದ್ದೆ. ಅದನ್ನು ಖಾಲಿ ಮಾಡಿದವನೂ ನಾನೇ.

"ನಾನ್ ಇನ್ಮೇಲೆ ಗ್ರೌಂಡಿಗೆ ಬರಲ್ಲ" ಎಂದೆ. "ನೀನ್ ಬಾ. ಬುಟ್ಟೋದ ಹುಡುಗ್ರಿಗೂ ಹೇಳು, ಆಯಪ್ಪ ಬರಲ್ಲ ಅಂತ."

ಮಾಸ್ಟರ್ ನನ್ನ ಮುಖ ನೋಡಿದ. "ನಿಮ್ ಕೈಲಾಯ್ತದಾ?"

"ಆಯ್ತದೆ" ಎಂದೆ. ಅವನು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಶನಿವಾರ ಸಂಜೆ ಗೋಣಿಚೀಲವನ್ನು ಕ್ಯಾಪ್ಟನ್ ಮನೆಗೆ ಕೊಟ್ಟುಬಂದೆ. ಭಾನುವಾರ ನಾಲ್ಕಕ್ಕೆ ಪಂದ್ಯ, ತುಮಕೂರಿನಲ್ಲೇ, ನಮ್ಮ ಅಂಗಡಿಯಿಂದ ನಡೆದರೆ ಕಾಲು ಗಂಟೆ. ರಜೆಯ ದಿನವಾದರೂ ಶಟರ್ ಅರ್ಧ ಎತ್ತಿ ಮಿಷನ್ನಿನ ಮುಂದೆ ಕೂತೆ. ಯಾರದೋ ಬೈಕಿನ ಸೀಟನ್ನು ಹೊಲಿದೆ, ಹೊಲಿಗೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದೆ. ನಾಲ್ಕಾಯಿತು. ನಾಲ್ಕೂಕಾಲಾಯಿತು. ಏಳು ಜನ ಬಂದರೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿತ್ತು. ಕೀಪರ್ ಇನ್ನೂ ಕುಣಿಗಲ್ಲಿನ ಮಾವನ ಮನೆಯಲ್ಲಿದ್ದ; ಅವನೂ ನಾನೂ ಇಲ್ಲದೆ ಉಳಿದವರು ಆರೇ ಜನ. ಆ ಆರರಲ್ಲಿ ಒಬ್ಬ ತಪ್ಪಿಸಿಕೊಂಡರೂ ಮುಗಿಯಿತು, ಹೊಸಬನೊಬ್ಬ ಸೇರದಿದ್ದರೂ ಮುಗಿಯಿತು. ಎರಡು ಸಲ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ವಾಪಸು ಬಂದೆ. ಫೋನನ್ನು ಕತ್ತರಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅದು ಬಡಿದುಕೊಂಡಾಗ ಆರು ಗಂಟೆ ದಾಟಿತ್ತು. ಮಾಸ್ಟರ್.

"ಸೋತ್ವಿ ಅಣ್ಣ. ಎರಡು ಸೊನ್ನೆ."

"ಎಷ್ಟ್ ಜನ ಇದ್ರಿ?"

ಅವನು ತಕ್ಷಣ ಹೇಳಲಿಲ್ಲ. ಹೇಳಿದರೆ ನನಗೆ ನೋವಾಗುತ್ತದೆಂದು ತಡೆಯುತ್ತಿದ್ದಾನೆ ಎಂದು ಅರ್ಥವಾಯಿತು.

"ಹತ್ತು ಜನ ಅಣ್ಣ. ಹಳೇ ಹುಡುಗ್ರು ನಾಲ್ಕ್ ಜನ ಬಂದಿದ್ರು."

ಒಳ್ಳೆಯದಾಯಿತು ಎಂದೆ. ನಿಜವಾಗಿಯೂ ಒಳ್ಳೆಯದೇ ಆಗಿತ್ತು. ಫೋನ್ ಇಟ್ಟು, ಶಟರ್ ಪೂರ್ತಿ ಕೆಳಗೆಳೆದು, ಒಳಗೆ ಕೂತು ಅತ್ತೆ.