ಉರುಳಿಯೊಳಗಿನ ಅನಾಮಧೇಯ

ಡರ್ಹಮ್ಮಿನ ನಮ್ಮ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಹೂ ತೇಲಿಬಿಡುವ ಹಿತ್ತಾಳೆಯ ಉರುಳಿಯೊಂದಿದೆ. ಮೈಸೂರಿನಿಂದ ನನ್ನ ಸೀರೆಗಳ ನಡುವೆ ಸುತ್ತಿಕೊಂಡು ವಿಮಾನವೇರಿ ಬಂದ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸುವುದು ನನ್ನ ಚಟ. ಆ ಹೊಳಪನ್ನೇ ಕೆರೆಯೆಂದು ನಂಬಿ ಬಂದಿತೋ ಏನೋ, ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಕಪ್ಪು ಮೈಗೆ ಹಳದಿ ಅಂಚಿನ ಹುಳುವೊಂದು ಸೇವಂತಿಗೆಯ ಕೆಳಗೆ ಹಾಯಾಗಿ ಈಜುತ್ತಿತ್ತು.

“ಅಯ್ಯೋ, ಜಿರಲೆ! ಕುದಿಯೋ ನೀರು ತಂದು ಹುಯ್ಯೇ!” ಎಂದರು, ನಮ್ಮಲ್ಲಿಗೆ ಬಂದಿದ್ದ ಅತ್ತೆ.

ನೀವೇ ಹೇಳಿ, ಬೆನ್ನತುದಿಯನ್ನು ನೀರಿನಿಂದಾಚೆ ಚಾಚಿ, ರೆಕ್ಕೆಯಡಿ ಗಾಳಿ ತುಂಬಿಕೊಂಡು ಮತ್ತೆ ಮುಳುಗುವ ಜಿರಲೆಯುಂಟೇ? ನಾನು ಅಡ್ಡ ನಿಂತೆ.

“ಸರಿ, ಸಂಜೆಯೊಳಗೆ ಅದರ ಹೆಸರು ಹೇಳು, ಬಿಡ್ತೀನಿ. ಹೆಸರು ಕುಲ ಗೊತ್ತಿಲ್ದೇ ಇರೋರನ್ನ ಮನೇಲಿಟ್ಕೊಳ್ಳಕ್ಕಾಗಲ್ಲ.”

ಅತ್ತೆ ಸುಮ್ಮನೆ ಹೇಳಿದ್ದಲ್ಲ. ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಇಲ್ಲಿನ ಪಾಟ್‌ಲಕ್ಕುಗಳಲ್ಲಿ ತಟ್ಟೆಗೆ ಪಲ್ಯ ಬೀಳುವ ಮುನ್ನವೇ ಎದುರಿನವರ ಊರು, ಅಜ್ಜಿಯ ತವರು, ಸಾರಿಗೆ ಬೆಲ್ಲ ಹಾಕುವರೋ ಇಲ್ಲವೋ ಎಂಬುದನ್ನೆಲ್ಲ ಹೊರಗೆಳೆಯುವವರು ಅವರು.

ಫೋನಿನ ಆ್ಯಪು ‘ಬೇಟೆಯಾಡುವ ಮುಳುಗು ಜೀರುಂಡೆ’ ಎಂದು ಬರೀ ಮನೆತನ ಹೇಳಿ ಕೈತೊಳೆದುಕೊಂಡಿತು. ಜೀರುಂಡೆ ಬಲ್ಲವರ ಆನ್‌ಲೈನ್ ಬಳಗಕ್ಕೆ ಮೊರೆಹೋದೆ. ಯಾವ ಸೀಮೆಯದು, ಹತ್ತಿರ ಕೆರೆಯುಂಟೇ, ಹೊಟ್ಟೆ ತೋರಿಸಿ, ಮುಂಗಾಲು ತೋರಿಸಿ! ಥೇಟ್ ನಮ್ಮತ್ತೆಯ ಪ್ರಶ್ನೆಗಳೇ. ಗಾಜಿನ ಲೋಟಕ್ಕೆ ಹಾಕಿ ನೋಡಿದರೆ ಮುಂಗಾಲಲ್ಲಿ ದುಂಡನೆಯ ಅಂಟುಬಿಲ್ಲೆ. ಗಂಡಿನ ಗುರುತಂತೆ.

“ಗಂಡಾ? ಅದಕ್ಕೇ ಬೆಳಗ್ಗಿಂದ ಒಂದು ಕೆಲಸ ಇಲ್ದೆ ಸುತ್ತುತ್ತಿದೆ,” ಎಂದು ಕನ್ನಡಕ ಏರಿಸಿಕೊಂಡು ಅತ್ತೆಯೂ ಬಗ್ಗಿದರು.

ಸಂಜೆಗೆ ಉತ್ತರ ಬಂತು. ನೋಡಲು ಒಂದೇ ಥರದ ದಾಯಾದಿಗಳು ಹಲವರಿದ್ದಾರೆ. ಕೊಂದು, ಒಳಗಿನ ಅಂಗ ಬಿಡಿಸಿ ನೋಡದೆ ಹೆಸರು ಖಚಿತವಾಗದು. ಒಲೆಯ ಮೇಲೆ ಆಗಲೇ ನೀರು ಮರಳುತ್ತಿತ್ತು. ಹೆಸರು ಬೇಕೆಂದರೆ ಕತ್ತರಿ, ಬೇಡವೆಂದರೆ ಕುದಿನೀರು. ನನಗೆ ನಿಜಕ್ಕೂ ಸಂಕಟವಾಯಿತು. ಸುಳ್ಳೊಂದು ಹೆಸರು ನಾಲಿಗೆ ತುದಿಗೆ ಬಂದರೂ, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

“ಹೆಸರಿಗೋಸ್ಕರ ಹೊಟ್ಟೆ ಬಗೀಬೇಕಾ? ಬಿಡ್ತು ಅನ್ನು!” ಅತ್ತೆ ಒಲೆ ಆರಿಸಿದರು. “ನಿಮ್ಮ ಮಾವ ಹೋಗೋವರೆಗೂ ಅವರ ಹೆಸರು ನನ್ನ ಬಾಯಲ್ಲಿ ಕೇಳಿದ್ಯಾ? ಸಂಸಾರ ನಡೀಲಿಲ್ವಾ?”

ಆ ನೀರು ಕಾಫಿ ಫಿಲ್ಟರಿಗೆ ಹೋಯಿತು, ಲೋಟದ ಹುಳು ಮರಳಿ ಉರುಳಿಗೆ.

ಮರುದಿನ ಬೆಳಿಗ್ಗೆ ಉರುಳಿಗೆ ಹೊಸ ಹೂ ಬಿಡಲು ಹೋದ ನನ್ನ ಕೈಯನ್ನು ಅತ್ತೆ ಹಿಡಿದುಕೊಂಡರು.

“ಸ್ವಲ್ಪ ತಡಿಯೇ,” ಎಂದು, ತೇಲುತ್ತಿದ್ದ ಹೂಗಳನ್ನು ಬೆರಳ ತುದಿಯಿಂದ ಸರಿಸಿ ದಾರಿ ಬಿಟ್ಟರು. “ನಮ್ಮನೆಯವರು ಉಸಿರಾಡಕ್ಕೆ ಮೇಲೆ ಬರ್ತಿದಾರೆ.”