ಸುಣ್ಣದಕ್ಕ ಬಾಯಿ ಬಿಡದ ದಿನ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸುಣ್ಣದಕ್ಕ ಅಂತಲೇ ಕರೆಯುತ್ತಿದ್ದರು. ಬಟ್ಟೆಯ ಮೇಲೆ ಗುರುತು ಹಾಕಿ ಹಾಕಿ ಅವಳ ಬೆರಳೆಲ್ಲ ಸೀಮೆಸುಣ್ಣ. ಅರ್ಧ ಆಯುಸ್ಸನ್ನು ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲೇ ಕಳೆದಿದ್ದರೂ, ನನಗೆ ಕೆಲಸ ಬರುತ್ತೆ ಅಂತ ಒಂದು ದಿನವೂ ಅಂದವಳಲ್ಲ. ಹೊಗಳಿದರೆ ಮುಗೀತು, ಮುಖ ಸಪ್ಪೆ. 'ಅಳತೆ ಹೇಗೋ ಕೂತುಬಿಡ್ತು ಬಿಡಿ' ಅನ್ನುವಳು. ಹೊಲಿಗೆ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಪಾಸಾಗಿದ್ದಳಲ್ಲ, ಅದಕ್ಕೂ ಒಂದು ನೆಪ: ಪರೀಕ್ಷೆ ಮಾಡಲು ಬಂದಾತನಿಗೆ ಅವತ್ತು ಜ್ವರವಂತೆ, ಸರಿಯಾಗಿ ನೋಡಲೇ ಇಲ್ಲವಂತೆ! ಇಂಥವಳಿಗೆ ಏನು ಹೇಳ್ತೀರಿ?

ಗಂಡ ಬಸ್ಸಿನ ಡ್ರೈವರು. 'ನಾನೂ ನಿನ್ನ ಹಾಗೆ ಬರಲ್ಲ ಬರಲ್ಲ ಅಂತ ಕೂತ್ರೆ ಬಸ್ಸಲ್ಲಿರೋ ಜನ ಕಿಟಕಿಯಿಂದ ಹಾರ್ತಾರೆ ಕಣೇ' ಅಂತ ಛೇಡಿಸುವನು. ಅವಳು ನಗುವಳು. ಒಳಗೆ ಮಾತ್ರ ಪುಕಪುಕ. ಯಾವತ್ತೋ ಒಂದು ದಿನ ಯಾರೋ ಬಂದು, 'ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದ್ಯಲ್ಲ ತಾಯಿ' ಅಂತ ರಟ್ಟೆ ಹಿಡಿದು ಹೊರಗೆ ತಳ್ಳುತ್ತಾರೆ ಅನ್ನುವ ಭಯ.

ಬಟ್ಟೆ ಕತ್ತರಿಸುತ್ತಿದ್ದ ಹಳೇ ಮೇಸ್ತ್ರಿಯ ಕೈ ನಡುಗಲು ಶುರುವಾಗಿ ಆತ ಕೆಲಸ ಬಿಟ್ಟಾಗ, ಕಾರ್ಖಾನೆಯ ಯಜಮಾನಿ ಕತ್ತರಿ ತಂದು ಇವಳ ಮುಂದೆಯೇ ಇಟ್ಟರು. 'ಇನ್ಮೇಲೆ ಮೇಜು ನಿಂದು.'

'ಬೇಡಮ್ಮ, ನಾನು ಗುರುತು ಹಾಕ್ಕೊಂಡಿರ್ತೀನಿ. ತಿಳಿದವರನ್ನ ಕರ್ಸಿ.'

ಯಜಮಾನಿ ಪುಸಲಾಯಿಸಿದರು, ಗದರಿದರು, ಕೊನೆಗೆ ಕೈಬಿಟ್ಟರು. ಎಂಥಾ ವಿನಯ ಅಂತ ಜನ ಮೆಚ್ಚಿಕೊಂಡರು. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅಪ್ಪಟ ಹೆದರಿಕೆ.

ಹೊಸ ಮೇಸ್ತ್ರಿ ಬಂದ. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು, ಮಾತೋ ಅರಳು ಹುರಿದಂತೆ. 'ಎಂಥೆಂಥಾ ಬಟ್ಟೆ ಕತ್ತರಿಸಿದೀನಿ, ಇದ್ಯಾವ ಲೆಕ್ಕ!' ಹೊಲಿಗೆಯವರು ಅವನಿಗೆ ದೊರೆ ಅಂತ ಹೆಸರಿಟ್ಟರು. ಸುಣ್ಣದಕ್ಕನಿಗೆ ನಿರಾಳವಾಯಿತು. ಅಂತೂ ಬಲ್ಲವನೊಬ್ಬ ಬಂದನಲ್ಲ!

ಕೆಲಸ ಕಡಿಮೆಯಾಗಿ ಕಾರ್ಖಾನೆ ಏದುಸಿರು ಬಿಡುತ್ತಿದ್ದಾಗ ಗಾಯಕರ ತಂಡವೊಂದು ನಿಲುವಂಗಿ ಹೊಲಿಯಲು ಕೊಟ್ಟಿತು. ಕಡುಗೆಂಪು ಮಖಮಲ್ಲು, ಅವರೇ ತಂದದ್ದು. ಆ ಬಣ್ಣ ಮತ್ತೆ ಸಿಗುವಂತಿರಲಿಲ್ಲ. ಮಖಮಲ್ಲಿಗೆ ಬೆಕ್ಕಿನ ಮೈಯಂತೆ ಕೂದಲಿನ ಓಟ ಇರುತ್ತದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರಾಗಿ ಸವರಿದರೆ ಒರಟು. ಎಲ್ಲ ತುಂಡುಗಳ ಓಟವೂ ಒಂದೇ ಕಡೆಗಿರಬೇಕು. ತಪ್ಪಿತೋ, ದೀಪದ ಕೆಳಗೆ ಒಂದು ತುಂಡು ಕೆಂಪಗೆ, ಪಕ್ಕದ್ದು ಕಪ್ಪಗೆ ಕಾಣುತ್ತದೆ.

ದೊರೆ ಬಟ್ಟೆಯನ್ನು ಪದರ ಪದರವಾಗಿ ಹಾಸಿದ. ಬಟ್ಟೆ ಉಳಿಯಲಿ ಅಂತ ಕಾಗದದ ಅಚ್ಚುಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಇಟ್ಟ. ಮಾಮೂಲಿ ಬಟ್ಟೆಗೆ ಎಲ್ಲರೂ ಮಾಡುವುದೇ ಹಾಗೆ. ಸುಣ್ಣದಕ್ಕ ಹತ್ತಿರ ಬಂದಳು. ಅಂಗೈಯಿಂದ ಬಟ್ಟೆ ಸವರಿ ನೋಡಿದಳು. ತಪ್ಪೇ. ಇನ್ನೇನು ಬಾಯಿ ತೆರೆಯಬೇಕು, ಒಳಗಿನ ಹಾಳು ದನಿ ಎದ್ದಿತು: ಅವನಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ? ಏನೋ ಹೊಸ ಕ್ರಮ ಇರಬೇಕು. ನಡುವೆ ಬಾಯಿ ಹಾಕಿ ನಗೆಪಾಟಲಾಗಬೇಡ. ಅವಳು ತಲೆ ತಗ್ಗಿಸಿದಳು. ದೊರೆ ಕತ್ತರಿಸುವ ಯಂತ್ರ ಹಚ್ಚಿ ಅಷ್ಟೂ ಪದರ ಕೊಯ್ದ.

ಮೊದಲ ನಿಲುವಂಗಿಯನ್ನು ಹೊಲಿದು ಕಿಟಕಿಗೆ ತೂಗುಹಾಕಿದಾಗ ಎಡಮಗ್ಗುಲು ಕೆಂಪು, ಬಲಮಗ್ಗುಲು ಮಸಿ. ಯಜಮಾನಿ ತಲೆಯ ಮೇಲೆ ಕೈಹೊತ್ತು ಕೂತರು. ಅಂದೇ ದೊರೆಯನ್ನು ಕೆಲಸದಿಂದ ತೆಗೆದರು. ಆಮೇಲೆ ಇವಳ ಕಡೆ ತಿರುಗಿದರು.

'ಅಲ್ಲೇ ನಿಂತಿದ್ಯಲ್ಲ, ನಿಂಗೆ ಕಾಣ್ಲಿಲ್ವಾ?'

'ಕಾಣ್ತು.'

'ಮತ್ತೆ?'

'ನಂಗೇನು ತಿಳಿಯುತ್ತೆ ಅಂತ...'

ಯಜಮಾನಿ ಆ ನಿಲುವಂಗಿಯನ್ನು ಕಿಟಕಿಯಿಂದ ತೆಗೆದು ಮಡಚಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ದೊರೆ ಮೆಟ್ಟಿಲ ಮೇಲೆ ಕೂತಿದ್ದ. ಇವಳೇ ಹೋಗಿ ಕೇಳಿದಳು. 'ಮಖಮಲ್ಲು ಕತ್ತರಿಸಿ ಅಭ್ಯಾಸ ಇರ್ಲಿಲ್ವೇನಪ್ಪ?'

'ಜನ್ಮದಲ್ಲಿ ಮುಟ್ಟಿರ್ಲಿಲ್ಲ ಅಕ್ಕ. ಗೊತ್ತಿಲ್ಲ ಅಂದ್ರೆ ಬಣ್ಣ ಬಯಲಾಗುತ್ತೆ ಅಂತ ಹೆದರಿಕೆ. ನಾನು ಅಷ್ಟೊಂದು ಬಡಾಯಿ ಕೊಚ್ತಿದ್ದದ್ದೂ ಅದಕ್ಕೇ. ಯಂತ್ರ ಹಚ್ಚೋ ಮುಂಚೆ ನಿಮ್ಮ ಮುಖ ನೋಡ್ದೆ. ನಿಮಗಿಂತ ಬಲ್ಲವರು ಅಲ್ಲಿ ಯಾರಿದ್ರು? ನೀವೇನೂ ಅನ್ಲಿಲ್ಲ. ಸರಿ ಇದೆ ಅಂದ್ಕೊಂಡೆ.'

ತನ್ನ ಹೆದರಿಕೆ ತನ್ನೊಬ್ಬಳನ್ನೇ ಸುಡುತ್ತದೆ ಅಂದುಕೊಂಡಿದ್ದಳು. ಅದು ಇನ್ನೊಬ್ಬನ ಅನ್ನಕ್ಕೆ ಕಲ್ಲು ಹಾಕಿತ್ತು. ನಂಗೂ ಹಾಗೇ ಕಣಪ್ಪ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಅವನು ಬೀದಿಗೆ ಇಳಿದಿದ್ದ.

ಈಗ ಮೇಜಿನ ಮುಂದೆ ಅವಳೇ ನಿಲ್ಲುತ್ತಾಳೆ. ಮಖಮಲ್ಲಿನ ನಷ್ಟದ ಮೇಲೆ ಬೇರೆಯವರನ್ನು ಇಡುವ ಶಕ್ತಿ ಯಜಮಾನಿಗಿಲ್ಲ. ಹೆದರಿಕೆ ಹೋಯಿತಾ ಅಂದರೆ, ಎಲ್ಲಿ ಹೋಗುತ್ತದೆ ಹೇಳಿ! ದಿನಾ ಬೆಳಗ್ಗೆ ಜೊತೆಗೇ ಬರುತ್ತದೆ. ಆದರೆ ಅನುಮಾನ ಬಂದರೆ ದನಿ ನಡುಗಿದರೂ ಬಾಯಿಬಿಟ್ಟು ಹೇಳುತ್ತಾಳೆ. ಅಕ್ಕ ಈಗ ಜೋರಾಗಿದ್ದಾಳೆ ಅಂತ ಹೊಲಿಗೆಯವರ ಗುಸುಗುಸು.

ಒಂದು ಭಾನುವಾರ ದೊರೆಯ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದದ್ದು ಅವನ ಹೆಂಡತಿ. ಅವನು ಯಾವುದೋ ಗೋದಾಮಿನ ಗೇಟು ಕಾಯಲು ಹೋಗಿದ್ದನಂತೆ. 'ಕತ್ತರಿ ಮುಟ್ಟಲ್ಲ ಅಂತಾರೆ. ನಂಗೆ ಆ ಕೆಲಸ ಯಾವತ್ತೂ ಬರ್ತಾನೇ ಇರ್ಲಿಲ್ಲ ಅಂತಾರೆ.'

'ಬರ್ತಿತ್ತಮ್ಮ' ಅಂದಳು ಸುಣ್ಣದಕ್ಕ. 'ಚೆನ್ನಾಗೇ ಬರ್ತಿತ್ತು. ಅದೊಂದು ಬಟ್ಟೆ ಗೊತ್ತಿರ್ಲಿಲ್ಲ, ಅಷ್ಟೇ. ನಂಗೆ ಗೊತ್ತಿತ್ತು.'

ಹೆಂಡತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

'ಅದನ್ನ ಅವತ್ತು ಹೇಳ್ಬೇಕಿತ್ತು' ಅಂದಳು.